ಕೊನೆಯ ಪುಟ ಬಿಟ್ಟು

ಮಂಗಳ ಗ್ರಹದ ಗಣಿಯ ಅಡುಗೆಮನೆಯಲ್ಲಿ ನೀಲಗಂಗವ್ವ ರೊಟ್ಟಿ ತಟ್ಟುತ್ತಿದ್ದಳು. ಪಾಳಿ ಮುಗಿಸಿ ಬಂದ ಸಿದ್ರಾಮಪ್ಪ ಎಂದಿನಂತೆ ಆ ಓಬೀರಾಯನ ಕಾಲದ ಸಾಹಸ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಅದರಲ್ಲಿ ಮಂಗಳದ ತುಂಬ ನೀರಿನ ಕಾಲುವೆಗಳಿದ್ದವು, ಆರು ಕೈಯ ರಾಕ್ಷಸರಿದ್ದರು. ಮೊದಮೊದಲು ಊಟಕ್ಕೆ ಕೂತ ಗಣಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಈಗ ಸುಮ್ಮನೆ ಉಣ್ಣುತ್ತಾರೆ.

ಕಥೆಯ ಕೊನೆಗೆ ನಾಯಕ ರಾಕೆಟ್ ಹತ್ತಿ ಭೂಮಿಗೆ, ತನ್ನೂರಿಗೆ ಹೊರಟ. ಇಲ್ಲಿಗೆ ಬರುವ ರಾಕೆಟ್ಟುಗಳಲ್ಲಿ ಮರಳಿ ಹೋಗುವಷ್ಟು ಇಂಧನ ಇರುವುದಿಲ್ಲ.

"ಅಷ್ಟಕ್ಕ ನಿಲ್ಲಸ್ರಿ ಯಣ್ಣಾ," ಎಂದಳು ನೀಲಗಂಗವ್ವ.

"ಯಾಕವಾ? ಇನ್ನೊಂದ ಪುಟ ಐತಿ."

"ರಾಕ್ಷಸರನ್ನ ಬೇಕಾದ್ರ ನಂಬತೀನಿ. ಇದು ಭಾಳ ಸುಳ್ಳಾತು."

ಸಿದ್ರಾಮಪ್ಪ ಮೊದಲ ಪುಟಕ್ಕೆ ತಿರುವಿ ಓದತೊಡಗಿದ. ನಾಯಕ ಮತ್ತೆ ಮಂಗಳಕ್ಕೆ ಬಂದಿಳಿದ.