ಶಟ್‌ಡೌನ್ ಮಾಡುವ ಕ್ರಮ

ಕರೆಂಟ್ ಹೋಗಿ ಯುಪಿಎಸ್ ಕೂಗತೊಡಗಿದಾಗ ದ್ಯಾಮಣ್ಣ ಮಾಸ್ತರರು ನಲವತ್ತೂ ಪ್ರಶ್ನೆಗಳಿಗೆ ಉತ್ತರ ಕೊಟ್ಟಾಗಿತ್ತು. 'ಸಬ್‌ಮಿಟ್' ಒತ್ತುವುದಷ್ಟೇ ಬಾಕಿ. ಆಪರೇಟಿಂಗ್ ಸಿಸ್ಟಮ್ ಬಗೆಗಿನ ಆನ್‌ಲೈನ್ ಕೋರ್ಸಿನ ಕೊನೆಯ ಪರೀಕ್ಷೆ ಅದು. ಒಬ್ಬರಿಗೆ ಒಂದೇ ಅವಕಾಶ. ಸರ್ಟಿಫಿಕೇಟ್ ಇಲ್ಲದಿದ್ದರೆ, ಇಪ್ಪತ್ತಾರು ವರ್ಷ ಟೈಪಿಂಗ್ ಕಲಿಸಿದ ಇನ್‌ಸ್ಟಿಟ್ಯೂಟಿನಲ್ಲಿ ಒಂದನೇ ತಾರೀಖಿನಿಂದ ಅವರಿಗೆ ಕುರ್ಚಿ ಇರಲಿಲ್ಲ.

"ಬ್ಯಾಟ್ರಿ ಎರಡ ನಿಮಿಷ ಅಷ್ಟರಿ! ಎಲ್ಲಾರೂ ಶಟ್‌ಡೌನ್ ಮಾಡ್ರಿ!" ಬೈರಿದೇವರಕೊಪ್ಪದ ಆ ಸೈಬರ್ ಕೆಫೆಯ ಮಾಲೀಕ ಶಿವಯೋಗೀಶ ದಿನದಂತೆ ಕೂಗಿದ. ಮಾಸ್ತರರ ಕೈ ತಾನಾಗಿಯೇ ಮೌಸನ್ನು ಕೆಳಗಿನ ಮೂಲೆಗೆ ಒಯ್ದಿತು. ಸ್ಟಾರ್ಟ್, ಶಟ್‌ಡೌನ್, ಯೆಸ್. ಮೂರು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಕಲಿತ ಮೊದಲ ಪಾಠ. ಒಂದು ಹೆಜ್ಜೆಯೂ ತಪ್ಪಲಿಲ್ಲ.

ಪರದೆ ಕಪ್ಪಾಯಿತು. ಇನ್ನು ಕಂಪ್ಯೂಟರ್ ಬಂದ್ ಮಾಡಿದರೆ ಅಪಾಯವಿಲ್ಲ ಎಂಬ ಕಿತ್ತಳೆ ಬಣ್ಣದ ಇಂಗ್ಲಿಷ್ ಸಾಲು ಮೂಡಿತು.

ಒಂದು ಕಾಲಕ್ಕೆ ಅವರ ಬಳಿಯೇ ಟೈಪಿಂಗ್ ಕಲಿತಿದ್ದ ಶಿವಯೋಗೀಶ ಓಡಿ ಬಂದು ಹಿಂದೆ ನಿಂತ. "ಸರ, ಸಬ್‌ಮಿಟ್ ಒತ್ತಿದ್ರಿಲ್ರಿ?"

ಮಾಸ್ತರರು ಮೌಸಿನ ಮೇಲಿಂದ ಕೈ ತೆಗೆಯಲಿಲ್ಲ.

"ಇಡೀ ಕೋರ್ಸಿನ್ಯಾಗ ನನಗ ಪಕ್ಕಾ ಬರೂದು ಇದೊಂದ ನೋಡಪಾ."