ಆತಾ?

ಓದುಗರೇ, ಕಣ್ಣು ಮಿಟುಕಿಸಿದರೆ ಲುಕ್ಸಾನು ನಿಮಗೇ. ಕರೆಂಟು ಹರಿಯಗೊಡದ ವೆನೇಡಿಯಂ ಆಕ್ಸೈಡ್ ಪದರವನ್ನು ಬೆಳಕಿನ ಒಂದೇ ಏಟಿಗೆ ಲೋಹದಂತೆ ಬದಲಿಸುವ ಗಂಡು ನಮ್ಮ ನಿಪ್ಪಾಣಿ ಕಾಲೇಜಿನ ಪಾರಿಸ.

ಉಳಿದಿದ್ದದ್ದು ಒಂದೇ ಫ್ಲ್ಯಾಷ್ ಬಲ್ಬು. ಈ ಸಲವೂ ಕರೆಂಟು ತೋರಿಸುವ ಮೀಟರಿನ ಮುಳ್ಳು ಜಿಗಿಯದಿದ್ದರೆ ಪದರವನ್ನು ಪುಣೆಗೆ ವಾಪಸ್ ಕಳಿಸುವುದಾಗಿ ಲ್ಯಾಬಿನ ಚಂದ್ರಮತಿ ಮೇಡಂ ಹೇಳಿದ್ದರು.

“ಜಿಗಿಸೇ ತೀರತೀನ್ರಿ ಮೇಡಂ. ಪಾರಿಸನ ಮಾತಂದ್ರ ಮುಳ್ಳಿಗೂ ಹುಕುಂ,” ಎಂದವನೇ, ಬಲ್ಬು ಕೂಡಿಸುತ್ತಿದ್ದ ಮರಾಠಿ ಫೋಟೋಗ್ರಾಫರನತ್ತ ತಿರುಗಿ, “ಗಣಪತ್ ಮಾಮಾ, ಆತಾ?” ಎಂದ.

ಅವನು ನಮ್ಮ ಕಡೆಯ ಕನ್ನಡದಲ್ಲಿ ಕೇಳಿದ್ದು ‘ಮುಗೀತಾ?’ ಎಂದು. ಮರಾಠಿಯಲ್ಲಿ ‘ಆತಾ’ ಎಂದರೆ ‘ಈಗ’. ಮಾಮಾ ಗುಂಡಿ ಒತ್ತಿಯೇಬಿಟ್ಟ.

ಪಾರಿಸನ ಕಣ್ಣ ಮುಂದೆ ಬರೀ ನೇರಳೆ ಚುಕ್ಕೆಗಳು. “ಮುಳ್ಳು ನಾ ನೋಡಲೇ ಇಲ್ರಿ,” ಎಂದ ಸಣ್ಣಗೆ.

“ನಾ ನೋಡೀನಿ. ಜಿಗೀತು. ಪದರ ಇಲ್ಲೇ ಇರ್ಲಿ,” ಎಂದರು ಮೇಡಂ.

ಓದುಗರೇ, ನಾನೇಕೆ ಸುಳ್ಳು ಹೇಳಲಿ? ಆ ಏಟು ಪಾರಿಸನದಲ್ಲ, ಅವನ ಕನ್ನಡವನ್ನು ಮರಾಠಿ ಎಂದುಕೊಂಡ ಮಾಮಾನದು.