ಹಾಲು ಒಡೆದ ಬೆಳಿಗ್ಗೆ

ಒಲೆಯ ಮೇಲಿದ್ದ ಹಾಲು ಒಡೆದುಹೋಯಿತು. ಮನೆಯಲ್ಲಿ ಬೇರೆ ಹಾಲಿರಲಿಲ್ಲ. ಗಂಡನ ಮಾತ್ರೆಯ ಹೊತ್ತು ಮೀರುತ್ತಿತ್ತು.

"ಇವತ್ತೊಂದು ದಿನ ನೀರಲ್ಲೇ ನುಂಗಿಬಿಡಿ," ಎಂದು ಹೆಂಡತಿ ಲೋಟವನ್ನು ಅವನ ತುಟಿಗೆ ಹಿಡಿದಳು.

"ಮಾತ್ರೆಗೇನು ಗೊತ್ತಾಗುತ್ತೆ, ಹಾಲೋ ನೀರೋ ಅಂತ," ಎಂದು ಅವನು ನುಂಗಿದ.

ಲೋಟವನ್ನು ಅವನ ಕೈಗೇ ಕೊಡುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಕೈ ನಡುಗುವ ಕಾಯಿಲೆ. ಆ ಬೀದಿಯ ಗಂಡಸರಿಗೆಲ್ಲ ಕ್ಷೌರ ಮಾಡಿದ ಕೈ, ಈಗ ತನ್ನ ಅಂಗಿಯ ಗುಂಡಿಯನ್ನೇ ಹಾಕಿಕೊಳ್ಳಲಾರದು. ಅಂಗಡಿ ಮಗನ ಪಾಲಿಗೆ ಬಂದಿತ್ತು. ಅಪ್ಪ ಬಾಗಿಲ ಪಕ್ಕದ ಬೆಂಚಿನ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಬಂದವರೊಡನೆ ಹರಟುತ್ತಾ ಕೂರುತ್ತಿದ್ದ. ಡಾಕ್ಟರ ಮಾತ್ರೆಯಿಂದ ಗುಣ ಅಷ್ಟಕ್ಕಷ್ಟೆ. ಗುಣ ಕಾಣದಿದ್ದಷ್ಟೂ ಹೆಂಡತಿ ಹಾಲನ್ನು ಗಟ್ಟಿ ಮಾಡುತ್ತಾ, ಲೋಟವನ್ನು ದೊಡ್ಡದು ಮಾಡುತ್ತಾ ಬಂದಿದ್ದಳು. ಮೈಗೆ ಕಸುವಿದ್ದರೆ ತಾನೆ ಮದ್ದು ಹತ್ತುವುದು?

ಒಡೆದ ಹಾಲು ಚೆಲ್ಲಿ, ಪಾತ್ರೆ ತಿಕ್ಕಿ, ಅಡುಗೆ ಮುಗಿಸಿ, ಎಂದಿನಂತೆ ಗುಂಡಿ ಹಾಕಲು ಅವಳು ಕೋಣೆಗೆ ಬಂದಳು. ಅವನು ಕತ್ತಿನವರೆಗೂ ಗುಂಡಿ ಹಾಕಿಕೊಂಡು ನಿಂತಿದ್ದ. ಯಾರೋ ಮರೆತುಹೋದ ಸಾಮಾನನ್ನು ನೋಡುವವನಂತೆ ತನ್ನ ಕೈಗಳನ್ನೇ ನೋಡುತ್ತಿದ್ದ.

"ನೀವೇ ಹಾಕಿಕೊಂಡ್ರಾ?"

"ಹಾಕಿಕೊಳ್ಳುವಾಗ ಗೊತ್ತಾಗಲಿಲ್ಲ ಕಣೆ. ಹಾಕಿಕೊಂಡ ಮೇಲೆ ಗೊತ್ತಾಯ್ತು."

ಅವಳು ಲೋಟದ ಕಂಠದವರೆಗೂ ನೀರು ತುಂಬಿ ತಂದು ಅವನ ಕೈಗಿತ್ತಳು. ನೀರು ಕನ್ನಡಿಯಂತೆ ನಿಂತಿತು. ಮಾತಾಡಿದರೆ ಎಲ್ಲಿ ಕದಡುವುದೋ ಎಂಬಂತೆ ಇಬ್ಬರೂ ಉಸಿರು ಬಿಗಿಹಿಡಿದು ಅದನ್ನೇ ನೋಡಿದರು.

ಅವಳು ಡಾಕ್ಟರಿಗೆ ಫೋನು ಮಾಡಿದಳು. "ಡಾಕ್ಟ್ರೇ, ಇವರ ಕೈ ನಿಂತುಬಿಟ್ಟಿದೆ," ಎಂದಳು, ಏನೋ ಅನಾಹುತ ತಿಳಿಸುವವಳ ಹಾಗೆ.

"ಹೊಸದಾಗಿ ಏನಾದ್ರೂ ಕೊಟ್ರಾ?"

"ಏನೂ ಇಲ್ಲ. ಹಾಲು ಒಡೆದಿತ್ತು, ಮಾತ್ರೆನ ನೀರಲ್ಲಿ ಕೊಟ್ಟೆ."

"ನಾನು ಮೊದಲೇ ಕೇಳಬೇಕಿತ್ತಮ್ಮ. ಹಾಲಿನ ಸತ್ವವೂ ಈ ಮಾತ್ರೆಯೂ ಮೈಯೊಳಗೆ ಒಂದೇ ಬಾಗಿಲಲ್ಲಿ ಹೋಗಬೇಕು. ಹಾಲು ನುಗ್ಗಿದರೆ ಮಾತ್ರೆ ಹೊರಗೇ ನಿಲ್ಲುತ್ತೆ. ಇನ್ಮೇಲೆ ಮಾತ್ರೆ ನೀರಲ್ಲೇ ಕೊಡಿ, ಹಾಲು ಬೇರೆ ಹೊತ್ತಿಗೆ ಇರಲಿ. ಕಾಯಿಲೆ ಹೋಯಿತು ಅಂತಲ್ಲ. ಮಾತ್ರೆ ಕೆಲಸ ಮಾಡುವಷ್ಟು ಹೊತ್ತು ಕೈ ಹೀಗಿರುತ್ತೆ."

ಅವಳು ಫೋನು ಇಟ್ಟು ಮಂಚದ ಅಂಚಿನಲ್ಲಿ ಕೂತಳು. "ಹಾಗಾದ್ರೆ ಇಷ್ಟು ದಿನ ನಾನೇ..."

"ಹಾಲು ತಾನೆ ಕೊಟ್ಟಿದ್ದು, ವಿಷವಲ್ಲವಲ್ಲ," ಎಂದ ಅವನು. "ಏಳು. ಹೊತ್ತಿರುವಾಗಲೇ ಅಂಗಡಿಗೆ ಹೋಗಿಬರೋಣ."

ಗಿರಾಕಿಗಳಿನ್ನೂ ಬಂದಿರಲಿಲ್ಲ, ಮಗ ಕನ್ನಡಿ ಒರೆಸುತ್ತಿದ್ದ. ಅಪ್ಪ ಬೆಂಚನ್ನು ದಾಟಿ ಒಳಗೆ ಹೋಗಿ, ಕ್ಷೌರದ ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ, ಕುರ್ಚಿಯನ್ನು ತಿರುಗಿಸಿದ.

"ಕೂತ್ಕೋ."

ಮಗ ಅಪ್ಪನ ಕೈ ನೋಡಿದ, ಬಾಗಿಲಲ್ಲಿದ್ದ ಅಮ್ಮನ ಮುಖ ನೋಡಿದ. ಕೂತ. ನೊರೆ ಏರಿತು. ಕತ್ತಿ ಕೆನ್ನೆಯಿಂದ ಜಾರಿ, ದವಡೆಯ ತಿರುವಿನಲ್ಲಿ ಹಗುರಾಗಿ ಹೊರಳಿತು. ಅಪ್ಪ ಎರಡು ಬೆರಳಿನಿಂದ ಗಲ್ಲ ಎತ್ತಿದಾಗ ಮಗ ಕಣ್ಣು ಮುಚ್ಚಿ ಕತ್ತು ಚಾಚಿದ. ಅಮ್ಮ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು.

ಕತ್ತಿ ಗಂಟಲಿಗೆ ಬರುವಾಗ ಮಗ ಉಗುಳು ನುಂಗಿದ. ಗಂಟಲ ಗಂಟು ಮೇಲೆದ್ದಿತು. ಅದು ಇಳಿಯುವವರೆಗೂ ಕತ್ತಿ ಚರ್ಮದಿಂದ ಕೂದಲೆಳೆಯಷ್ಟು ಮೇಲೆ, ಒಂದಿಷ್ಟೂ ಅಲುಗದೆ ಕಾದು ನಿಂತಿತು.